ಬೇಕಂತಲೇ ಸೋರುವ ನಲ್ಲಿ

ಕಾಲೇಜಿನ ಕಟ್ಟಡ, ನೀರು, ದೀಪ, ಬಾಗಿಲು, ಬೆಂಚು ಇವೆಲ್ಲದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮನುಷ್ಯರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಸಂಬಳದ ಚೀಟಿಯ ಮೇಲೆ ತಿಂಗಳಿಗೊಮ್ಮೆ ಮುಖ ತೋರಿಸಿ ಮರೆಯಾಗುತ್ತಿತ್ತು. ಮಿಕ್ಕ ದಿನಗಳಲ್ಲಿ ಅವರು ಎಲ್ಲರಿಗೂ ಆಮೇಲಪ್ಪನವರು. ಫ್ಯಾನು ತಿರುಗುತ್ತಿಲ್ಲ ಎಂದರೆ "ಆಮೇಲೆ ನೋಡೋಣ", ಕಿಟಕಿ ಮುಚ್ಚುತ್ತಿಲ್ಲ ಎಂದರೆ "ಆಮೇಲೆ ನೋಡೋಣ", ಮುಚ್ಚಿದ ಕಿಟಕಿ ತೆರೆಯುತ್ತಿಲ್ಲ ಎಂದರೂ ಅದೇ ಮಾತು. ಮೂವತ್ತೊಂದು ವರ್ಷ ಹೀಗೆ ನಡೆದ ಮೇಲೆ ಹುಡುಗರು ಇಟ್ಟ ಈ ಹೆಸರಿಗೆ ಅವರೇ ಓಗೊಡುವಂತಾಗಿತ್ತು.

ಹಾಗೆಂದು ಅವರನ್ನು ಸೋಮಾರಿ ಎಂದರೆ ನಾಲಿಗೆಯಲ್ಲಿ ಹುಳ ಬಿದ್ದೀತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹಿರಿಯರು ಹೇಳಿದ್ದು ನಿಜ. ಆದರೆ ಕಾಲೇಜು ಆಮೇಲಪ್ಪನವರಿಗೆ ಕೊಟ್ಟದ್ದು ಹಾಸಿಗೆಯಲ್ಲ, ಕರವಸ್ತ್ರ. ಅದರಲ್ಲೇ ಅವರು ಸಂಸಾರ ತೂಗಿಸುತ್ತಿದ್ದರು. ಗಣಿತ ವಿಭಾಗದ ಫ್ಯಾನಿನ ರೆಕ್ಕೆ ಇತಿಹಾಸಕ್ಕೆ, ಇತಿಹಾಸದ ಬಾಗಿಲ ಹಿಡಿ ಸ್ಟಾಫ್ ರೂಮಿಗೆ, ಸ್ಟಾಫ್ ರೂಮಿನ ಕಪಾಟಿನ ಬಾಗಿಲು ರಸಾಯನಶಾಸ್ತ್ರಕ್ಕೆ ಹೋಗಿ ಅಲ್ಲಿ ಮೇಜಾಗುತ್ತಿತ್ತು. ಆ ಕಾಲೇಜಿನಲ್ಲಿ ಯಾವ ವಸ್ತುವೂ ಸಾಯುತ್ತಿರಲಿಲ್ಲ, ಬರೀ ವರ್ಗವಾಗುತ್ತಿತ್ತು.

ಅವರ ಇನ್ನೊಂದು ಉಪಾಯ 'ಅತಿಥಿ ದಾರಿ'. ಗೇಟಿನಿಂದ ಪ್ರಿನ್ಸಿಪಾಲರ ಕೋಣೆ, ಅಲ್ಲಿಂದ ಸಭಾಂಗಣ, ಮತ್ತೆ ಗೇಟು. ಬಂದ ಬಣ್ಣ, ಬಂದ ಬಲ್ಬು, ಬಂದ ಹೂಕುಂಡ ಎಲ್ಲವೂ ಈ ದಾರಿಗೇ. ದೊಡ್ಡವರು ಬಂದಾಗ ಆಮೇಲಪ್ಪನವರು ಅವರ ಎಡಗಡೆಗೆ, ಪ್ರಿನ್ಸಿಪಾಲರು ಬಲಗಡೆಗೆ ನಡೆದು, ಕತ್ತು ಆಚೀಚೆ ತಿರುಗದಂತೆ ಮಾತಾಡಿಸುತ್ತಾ ಕರೆದೊಯ್ಯುತ್ತಿದ್ದರು. ಎಷ್ಟೋ ಜನ ಗಣ್ಯರು ಹೀಗೆ ಬಂದು, ಆಹಾ ಎಂದು, ಹೋಗಿದ್ದರು.

ಆದರೆ ಅತಿಥಿ ದಾರಿಗೆ ಲೈಬ್ರರಿ ಬರುತ್ತಿರಲಿಲ್ಲ. ಆಮೇಲಪ್ಪನವರ ಎದೆಯಲ್ಲಿ ಮುಳ್ಳು ಮುರಿದುಕೊಂಡಿದ್ದು ಅಲ್ಲೇ. ಲೈಬ್ರರಿಯ ಮೇಲ್ಛಾವಣಿ ಏಳು ಕಡೆ ಸೋರುತ್ತಿತ್ತು. ಲೈಬ್ರರಿ ಮೇಡಂ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ, ಇಪ್ಪತ್ತೊಂಬತ್ತು ವರ್ಷದ ಹಿಂದೆ, ಅವರು ಮಾತು ಕೊಟ್ಟಿದ್ದರು: "ಮೇಡಂ, ಮುಂದಿನ ಮಳೆಗೆ ಒಂದು ಹನಿ ಒಳಗೆ ಬಂದ್ರೆ ನನ್ನನ್ನ ಕೇಳಿ." ಮೇಡಂ ಒಳ್ಳೆಯವರು, ಕೇಳಲಿಲ್ಲ. ಏಳು ಬಕೆಟ್ ಇಟ್ಟರು, ಕಪಾಟುಗಳಿಗೆ ಪ್ಲಾಸ್ಟಿಕ್ ಹೊದಿಸಿದರು, ಪ್ರತಿ ಮಳೆಗಾಲಕ್ಕೂ ಪುಸ್ತಕಗಳನ್ನು ಹೊತ್ತು ಒಣಮೂಲೆಯಿಂದ ಒಣಮೂಲೆಗೆ ಸಾಗಿಸಿದರು. ಈಗ ಆಮೇಲಪ್ಪನವರ ನಿವೃತ್ತಿಗೆ ಉಳಿದಿದ್ದು ಮೂರೇ ತಿಂಗಳು. ಕೊಟ್ಟ ಮಾತನ್ನು ಉಳಿಸಿಕೊಳ್ಳದೆ ಹೋದರೆ ಮನೆಯಲ್ಲಿ ಕೂತು ಉಣ್ಣುವ ಅನ್ನ ಗಂಟಲಲ್ಲಿ ಇಳಿಯದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಗಲೇ ಬಿಸ್ಕತ್ತು ಸಾಹುಕಾರರು ಬಂದದ್ದು.

ಅವರು ಮೂವತ್ತೈದು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಓದಿ ಹೋದವರು. ಈಗ ದೊಡ್ಡ ಬಿಸ್ಕತ್ತು ಫ್ಯಾಕ್ಟರಿಯ ಒಡೆಯರು. ಕಾಲೇಜಿಗೆ ಏನಾದರೂ ಮಾಡಬೇಕು, ಒಮ್ಮೆ ನೋಡಿ ಹೋಗುತ್ತೇನೆ ಎಂದು ಕಾಗದ ಬರೆದಿದ್ದರು. ಅತಿಥಿ ದಾರಿಗೆ ನೀರು ಚಿಮುಕಿಸಿ, ಗುಡಿಸಿ, ಸಜ್ಜು ಮಾಡಲಾಯಿತು. ಸಾಹುಕಾರರು ಗೇಟಿನಲ್ಲಿ ಕಾರಿಳಿದರು, ಹತ್ತು ಹೆಜ್ಜೆ ನೆಟ್ಟಗೆ ನಡೆದರು, ಹನ್ನೊಂದನೇ ಹೆಜ್ಜೆಗೆ ಗಕ್ಕನೆ ಎಡಕ್ಕೆ ತಿರುಗಿ ಕ್ಯಾಂಟೀನಿನ ಹಿಂದಕ್ಕೆ ನಡೆದುಬಿಟ್ಟರು.

"ಸಾರ್, ಈ ಕಡೆ, ಈ ಕಡೆ!" ಪ್ರಿನ್ಸಿಪಾಲರು ಕೂಗಿದರು.

"ನನಗೆ ದಾರಿ ಗೊತ್ತು ಬಿಡ್ರೀ."

ಕ್ಯಾಂಟೀನಿನ ಹಿಂದೆ ಒಂದು ನಲ್ಲಿ. ಅದು ಆಮೇಲಪ್ಪನವರು ಬರುವ ಮುಂಚಿನಿಂದಲೂ ತೊಟ್ಟಿಕ್ಕುತ್ತಿದ್ದ ನಲ್ಲಿ. ಕೆಳಗಿನ ಕಲ್ಲು ಸವೆದು ತಟ್ಟೆಯಷ್ಟು ಗುಳಿ ಬಿದ್ದಿತ್ತು. ಪ್ರಿನ್ಸಿಪಾಲರು ಆಮೇಲಪ್ಪನವರ ಕಡೆ ನೋಡಿದ ನೋಟಕ್ಕೆ ಹಸಿ ಹುಲ್ಲೂ ಹೊತ್ತಿಕೊಳ್ಳಬೇಕಿತ್ತು. ಆದರೆ ಸಾಹುಕಾರರು ನಲ್ಲಿಯ ಮುಂದೆ ಕೈಕಟ್ಟಿ ನಿಂತಿದ್ದರು. ಅವರ ಕಣ್ಣೂ ನಲ್ಲಿಯಂತೆಯೇ ಆಗಿತ್ತು.

"ಇದೇ ನಲ್ಲಿ! ಇದೇ ಸೋರಿಕೆ! ನಾಲ್ಕು ಎಣಿಸೋದ್ರೊಳಗೆ ಒಂದು ಹನಿ. ನಾನು ಇಲ್ಲೇ ಮುಖ ತೊಳ್ಕೊಂಡು ಪರೀಕ್ಷೆಗೆ ಹೋಗ್ತಿದ್ದೆ ಕಣ್ರೀ." ಅವರು ಪಕ್ಕದ ಬೆಂಚನ್ನು ನೋಡಿದರು. ಅದಕ್ಕೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ. "ಅಯ್ಯೋ, ಇಟ್ಟಿಗೆ ಕೂಡ ಅದೇ! ಲೋಕದಲ್ಲಿ ಎಲ್ಲಾ ಕೆಡವಿ ಹಾಕಿದ್ದಾರೆ. ನನ್ನ ಮನೆ ಇದ್ದ ಬೀದಿ ಇಲ್ಲ, ನನ್ನ ಶಾಲೆ ಇಲ್ಲ. ನೀವು ಮಾತ್ರ ಹೇಗಿತ್ತೋ ಹಾಗೇ ಇಟ್ಟಿದ್ದೀರಿ. ಯಾರ್ರೀ ಇದನ್ನೆಲ್ಲಾ ಕಾಪಾಡಿದವರು?"

ಪ್ರಿನ್ಸಿಪಾಲರು, ಬೈಗುಳ ಬೀಳಬಹುದೆಂಬ ದೂರಾಲೋಚನೆಯಿಂದ, ಆಮೇಲಪ್ಪನವರನ್ನು ಮುಂದಕ್ಕೆ ದಬ್ಬಿದರು.

"ಇದು... ಬೇಕಂತಲೇ ಇಟ್ಟಿದ್ದೀರಾ?" ಸಾಹುಕಾರರು ಕೇಳಿದರು.

ಇಲ್ಲ ಎನ್ನಬೇಕಾದ ಜಾಗ ಅದು. ಆದರೆ ಮೂವತ್ತೊಂದು ವರ್ಷದಲ್ಲಿ ಆಮೇಲಪ್ಪನವರ ಕೈಯನ್ನು ಯಾರೂ ಎರಡೂ ಕೈಯಲ್ಲಿ ಹಿಡಿದುಕೊಂಡಿರಲಿಲ್ಲ. ಸಾಹುಕಾರರು ಹಿಡಿದುಕೊಂಡಿದ್ದರು. ನಾಲಿಗೆ ಜಾರಿತು.

"ಹೌದು ಸಾರ್. ಬೇಕಂತಲೇ."

ಪ್ರಿನ್ಸಿಪಾಲರು ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಷ ಬದಲಿಸಿದರು. "ಇದು ನಮ್ಮ ಸಂಸ್ಥೆಯ ನೀತಿ ಸಾರ್. ನೆನಪುಗಳ ಸಂರಕ್ಷಣೆ. ಇದಕ್ಕಾಗಿ ನಾವು ಎಷ್ಟು ಕಷ್ಟಪಟ್ಟಿದ್ದೀವಿ ಅಂದ್ರೆ, ಎಷ್ಟೋ ಸಲ ರಿಪೇರಿ ಮಾಡೋಕೆ ಬಂದವರನ್ನೇ ವಾಪಸ್ ಕಳಿಸಿದ್ದೀವಿ!" ಇದು ಪೂರ್ತಿ ಸುಳ್ಳೂ ಅಲ್ಲ. ಅವರಿಗೆ ಕೊಡಲು ಕಾಸಿರಲಿಲ್ಲ, ಅಷ್ಟೇ.

ಸಾಹುಕಾರರು ಗದ್ಗದಿತರಾಗಿ ಸಾರಿದರು: "ಮುಂದಿನ ಭಾನುವಾರ ನಮ್ಮ ಬ್ಯಾಚಿನವರನ್ನೆಲ್ಲಾ ಕರ್ಕೊಂಡು ಬರ್ತೀನಿ. ಎಲ್ಲರೂ ಸೇರಿ ಕಾಲೇಜಿಗೆ ದೊಡ್ಡದೊಂದು ನಿಧಿ ಮಾಡ್ತೀವಿ. ಆದರೆ ಅಲ್ಲೀವರೆಗೂ ಏನನ್ನೂ ಮುಟ್ಟಬಾರದು. ಮೊದಲು ಈ ನಲ್ಲಿ ತೋರಿಸ್ತೀನಿ ಅವರಿಗೆ."

ಆಮೇಲಪ್ಪನವರಿಗೆ ಎದೆ ಹಗುರಾಯಿತು. ನಿಧಿ ಎಂದರೆ ಹಣ, ಹಣ ಎಂದರೆ ಲೈಬ್ರರಿಯ ಛಾವಣಿ. ಒಂದು ಸಣ್ಣ ಸುಳ್ಳಿಗೆ ಇಷ್ಟು ದೊಡ್ಡ ಫಲ ಯಾರಿಗುಂಟು ಎಂದುಕೊಂಡು ಮರುದಿನ ಬೆಳಗ್ಗೆ ಸಿಳ್ಳೆ ಹಾಕುತ್ತಾ ಕ್ಯಾಂಟೀನಿನ ಹಿಂದೆ ಹೋದರು. ನಲ್ಲಿ ಒಣಗಿ ನಿಂತಿತ್ತು. ಪಕ್ಕದಲ್ಲಿ ಪ್ಲಂಬರು ಕೈ ಒರೆಸಿಕೊಳ್ಳುತ್ತಾ, ಬಹುಮಾನ ಗೆದ್ದವನ ಮುಖ ಮಾಡಿಕೊಂಡು ನಿಂತಿದ್ದ.

"ನಿನ್ನೆ ದೊಡ್ಡೋರು ಈ ನಲ್ಲಿ ನೋಡಿ ಅತ್ತುಬಿಟ್ರಂತೆ. ನನಗೆ ತುಂಬಾ ಬೇಜಾರಾಯ್ತು ಸಾರ್. ವಾಷರ್ ಕೊಡಿ ಅಂತ ಹದಿನಾಲ್ಕು ವರ್ಷದಿಂದ ನಿಮ್ಮನ್ನ ಕೇಳ್ತಿದ್ದೀನಿ, ನೀವು ಆಮೇಲೆ ಅಂತೀರಿ. ಕೊನೆಗೆ ನನ್ನ ಮನೆ ನಲ್ಲೀದೇ ಬಿಚ್ಚಿ ತಂದು ಹಾಕಿದೆ. ಇನ್ನು ನೂರು ವರ್ಷ ಒಂದು ಹನಿ ಬೀಳಲ್ಲ!"

ಆಮೇಲಪ್ಪನವರು ಇಟ್ಟಿಗೆ ಕಾಲಿನ ಬೆಂಚಿನ ಮೇಲೆ ಕುಸಿದರು. "ಮಾರಾಯ, ಅದನ್ನ ಮತ್ತೆ ಸೋರಿಸು."

"ಏನಂದ್ರಿ?"

"ಸೋರಿಸು. ಮೊದಲಿನ ಹಾಗೆ. ನಾಲ್ಕು ಎಣಿಸೋದ್ರೊಳಗೆ ಒಂದು ಹನಿ."

"ಸಾರ್, ನಮ್ಮಪ್ಪ ನನಗೆ ರಿಪೇರಿ ಕಲಿಸಿದ್ದಾನೆ, ಕೆಡಿಸೋದು ಕಲಿಸಿಲ್ಲ. ಕೆಟ್ಟದ್ದು ತಾನಾಗೇ ಕೆಡಬೇಕು. ಅದಕ್ಕೆ ಟೈಮು ಬೇಕು."

"ನಮಗಿರೋದು ಆರು ದಿನ."

ಪ್ಲಂಬರು ಹಳೆಯ ವಾಷರು ಹಾಕಿದ. ಅದು ಕೈಯಲ್ಲೇ ಪುಡಿಯಾಯಿತು. ಬೇರೆ ಹಾಕಿ ಸಡಿಲಿಸಿದ, ಬುಸ್ಸೆಂದು ಚಿಮ್ಮಿತು. ಬಿಗಿಮಾಡಿದ, ಪೂರ್ತಿ ನಿಂತಿತು. ನಡುವೆ ಎಲ್ಲಾದರೂ ಒಂದು ಜಾಗ ಇರಬೇಕೆಂದು ಇಬ್ಬರೂ ಎರಡು ದಿನ ಒದ್ದಾಡಿದರು. ಹೊಸ ವಾಷರು ಕೇಳೋಣವೆಂದು ಆಮೇಲಪ್ಪನವರು ಆಫೀಸಿಗೆ ಹೋದರೆ ಗುಮಾಸ್ತರು ದೂರು ಪುಸ್ತಕ ತೆಗೆದು ಮುಂದಿಟ್ಟರು.

"ದೂರು ಬರೀರಿ. ದೂರಿಲ್ಲದೆ ಸಾಮಾನಿಲ್ಲ."

ಆಮೇಲಪ್ಪನವರು ಬರೆದರು: 'ಕ್ಯಾಂಟೀನಿನ ಹಿಂದಿನ ನಲ್ಲಿ ಸೋರುತ್ತಿಲ್ಲ. ತುರ್ತು ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.'

ಗುಮಾಸ್ತರು ಮೂರು ಸಲ ಓದಿದರು, ಕನ್ನಡಕ ತೆಗೆದು ಒರೆಸಿ ನಾಲ್ಕನೇ ಸಲ ಓದಿದರು. "ರೀ, ನಿವೃತ್ತಿ ಹತ್ರ ಬಂದಾಗ ಕೆಲವರಿಗೆ ಹೀಗಾಗುತ್ತೆ. ಮನೇಲಿ ಹೇಳಿದ್ದೀರಾ?"

ಮನೆಯಲ್ಲಿ ಹೇಳಿದ್ದರು. ಹೆಂಡತಿ ಎಲ್ಲವನ್ನೂ ಸಮಾಧಾನವಾಗಿ ಕೇಳಿ ಒಂದೇ ಪ್ರಶ್ನೆ ಹಾಕಿದ್ದರು: "ನಮ್ಮ ಬಚ್ಚಲ ಬಾಗಿಲ ಚಿಲಕ ಹತ್ತು ವರ್ಷದಿಂದ ಬಿದ್ದುಹೋಗಿದೆಯಲ್ಲ, ಅದೂ ಸಂರಕ್ಷಣೆನಾ?" ಭಾವಮೈದುನ ಫೋನಿನಲ್ಲಿ ಇನ್ನೂ ಮುಂದೆ ಹೋದ. "ಭಾವ, ನೀವು ದೊಡ್ಡ ಮನುಷ್ಯರಾಗಿದ್ದೀರಂತೆ! ನಮ್ಮ ಹಳೇ ಸ್ಕೂಟರು ಸ್ಟಾರ್ಟೇ ಆಗಲ್ಲ, ನಿಮ್ಮ ಕಾಲೇಜಿನಲ್ಲಿ ಇಟ್ಕೊಳ್ತೀರಾ?"

ಇಷ್ಟೆಲ್ಲಾ ನಗೆಪಾಟಲನ್ನು ಆಮೇಲಪ್ಪನವರು ಸಹಿಸಿಕೊಂಡರು. ಸಹಿಸಿಕೊಳ್ಳಲಾಗದ ಮಾತು ಬಂದದ್ದು ಗುರುವಾರ. ಪ್ರಿನ್ಸಿಪಾಲರು ಹುರುಪೆದ್ದು ಅತಿಥಿ ದಾರಿಯನ್ನೇ ಬದಲಿಸಿದ್ದರು. ಹೊಸ ದಾರಿ ಕಾಲೇಜಿನ ಒಡಕು, ಬಿರುಕು, ಮುರುಕುಗಳನ್ನೆಲ್ಲಾ ಹಾದು ಲೈಬ್ರರಿಯಲ್ಲಿ ಮುಗಿಯುತ್ತಿತ್ತು. ಬಕೆಟ್‌ಗಳನ್ನು ಸಾಲಾಗಿ ಚೆನ್ನಾಗಿ ಕಾಣುವಂತೆ ಇಡಬೇಕೆಂದು ಲೈಬ್ರರಿ ಮೇಡಂಗೆ ಚೀಟಿ ಹೋಯಿತು. ಮೇಡಂ ಆ ಚೀಟಿ ಹಿಡಿದುಕೊಂಡು ಆಮೇಲಪ್ಪನವರ ಸಾಮಾನು ಕೋಣೆಯ ಬಾಗಿಲಲ್ಲಿ ನಿಂತರು. ಅವರು ದನಿ ಎತ್ತುವವರಲ್ಲ.

"ಒಂದು ಕೇಳ್ಲಾ? ನಮ್ಮ ಛಾವಣೀನೂ ನೀವು ಬೇಕಂತಲೇ ಹಾಗೆ ಬಿಟ್ಟಿದ್ರಾ?"

"ಅಯ್ಯೋ ಮೇಡಂ, ಛೆ ಛೆ, ನಿಧಿ ಬಂದ್ರೆ ಮೊದಲು ಅದನ್ನೇ..."

"ಇಷ್ಟು ವರ್ಷ ದುಡ್ಡಿಲ್ಲ, ಪಾಪ, ಅವರೇನು ಮಾಡ್ತಾರೆ ಅಂದ್ಕೊಂಡಿದ್ದೆ," ಎಂದು ಮೇಡಂ ಹೊರಟುಹೋದರು. ಆಮೇಲಪ್ಪನವರು ಅವತ್ತು ಊಟ ಮಾಡಲಿಲ್ಲ.

ಭಾನುವಾರ ಮೂವತ್ತು ಜನ ಬಂದರು. ನರೆತ ತಲೆ, ನರೆಯಲೂ ಉಳಿಯದ ತಲೆ, ಬಣ್ಣ ಹಚ್ಚಿದ ತಲೆ. ಗೇಟು ದಾಟಿದ್ದೇ ತಡ ಎಲ್ಲರಿಗೂ ಹತ್ತೊಂಬತ್ತು ವರ್ಷವಾಗಿಬಿಟ್ಟಿತು. ಮಂಡಿನೋವಿನವರು ಮೆಟ್ಟಿಲು ಹಾರಿದರು. ನ್ಯಾಯಾಧೀಶರೊಬ್ಬರು ಗೋಡೆಯ ಮೇಲೆ ತಾವು ಕೆತ್ತಿದ್ದ ಬೈಗುಳ ಇನ್ನೂ ಇರುವುದನ್ನು ಕಂಡು ಪಕ್ಕದವರಿಗೆಲ್ಲಾ ಓದಿ ಹೇಳಿದರು. ಡಾಕ್ಟರಮ್ಮ ಮೂರು ಕಾಲಿನ ಬೆಂಚಿನ ತುದಿಗೆ ಕೂತು, ಹಿಂದೆ ಬೀಳುತ್ತಿದ್ದ ಹಾಗೇ ಬಿದ್ದು, ಬಿದ್ದಲ್ಲೇ ನಕ್ಕರು. ಕಂಬದ ಹಿಂದೆ ನಿಂತು ನೋಡುತ್ತಿದ್ದ ಆಮೇಲಪ್ಪನವರಿಗೂ ಒಂದು ಕ್ಷಣ ಎಲ್ಲಾ ಮರೆತುಹೋಯಿತು. ತಮ್ಮ ಕೆಲಸದ ಮೊದಲ ವರ್ಷಗಳು, ತಲೆ ತುಂಬ ಕೂದಲಿದ್ದ ದಿನಗಳು, ಈ ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದ ಹುಡುಗರು ಎಲ್ಲಾ ನೆನಪಾದವು.

ನಂತರ ನಲ್ಲಿ. ಅದನ್ನು ಸೋರಿಸುವ ಎಲ್ಲ ಪ್ರಯತ್ನಗಳೂ ಸೋತು, ಪ್ಲಂಬರು ಕ್ಯಾಂಟೀನಿನ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ನೀರಿನ ಪೈಪಿನ ವಾಲ್ವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹನಿ ಬಿಡುತ್ತಿದ್ದ.

"ನೋಡ್ರೋ! ಅದೇ ನಲ್ಲಿ!" ಸಾಹುಕಾರರು ಎಲ್ಲರನ್ನೂ ಸುಮ್ಮನಿರಿಸಿ ಬೆರಳೆಣಿಸಿದರು. "ಊಂ... ಆಗ ಸ್ವಲ್ಪ ನಿಧಾನ ಇತ್ತು ಅನ್ಸುತ್ತೆ."

ನಲ್ಲಿ ವಿಧೇಯತೆಯಿಂದ ನಿಧಾನವಾಯಿತು.

"ಅರೆ! ಈಗ ಸರಿ ಹೋಯ್ತು."

"ಇಲ್ಲ ಕಣೋ, ಇದಕ್ಕಿಂತ ಜೋರಿತ್ತು," ಎಂದರು ಡಾಕ್ಟರಮ್ಮ. ನಲ್ಲಿ ಜೋರಾಯಿತು. "ಏನಿಲ್ಲ, ನಾಲ್ಕಕ್ಕೊಂದೇ," ಎಂದರು ನ್ಯಾಯಾಧೀಶರು. ನಲ್ಲಿ ಯಾರ ಮಾತು ಕೇಳಬೇಕೆಂದು ತಿಳಿಯದೆ ಒಮ್ಮೆ ತಡವರಿಸಿತು. ಅಷ್ಟರಲ್ಲಿ ಗೋಡೆಯ ಹಿಂದಿನಿಂದ ಭಾರಿ ಸೀನೊಂದು ಕೇಳಿಬಂತು, ನಲ್ಲಿ ಭೋರ್ಗರೆದು ಪ್ರಿನ್ಸಿಪಾಲರ ಪ್ಯಾಂಟನ್ನು ಮಂಡಿಯವರೆಗೂ ತೋಯಿಸಿತು. "ಇದು ಹಬ್ಬದ ಖುಷಿ ಸಾರ್ ನಲ್ಲಿಗೆ, ನಿಮ್ಮನ್ನ ನೋಡಿ," ಎಂದರು ಪ್ರಿನ್ಸಿಪಾಲರು, ನೀರು ಹಿಂಡಿಕೊಳ್ಳುತ್ತಾ.

ಲೈಬ್ರರಿಗೆ ಬರುವ ಹೊತ್ತಿಗೆ ನಿಜವಾದ ಮಳೆಯೇ ಹಿಡಿದುಕೊಂಡಿತು. ಏಳು ಬಕೆಟ್‌ಗಳಲ್ಲಿ ಟಪ್ ಟಪ್ ಶುರುವಾದಾಗ ಮೂವತ್ತು ಜನ ಚಪ್ಪಾಳೆ ತಟ್ಟಿದರು. ಮೇಡಂ ಮಾತ್ರ ಚಪ್ಪಾಳೆಯ ನಡುವೆಯೇ ಪ್ಲಾಸ್ಟಿಕ್ ಹಾಳೆ ಹಿಡಿದು ಕಪಾಟಿನಿಂದ ಕಪಾಟಿಗೆ ಓಡುತ್ತಿದ್ದರು. ಸಾಹುಕಾರರು ಕುರ್ಚಿಯ ಪಕ್ಕ ನಿಂತು ಘೋಷಿಸಿದರು.

"ನಾವೆಲ್ಲಾ ಸೇರಿ ನಿಧಿ ಬರೆದುಕೊಡ್ತಿದ್ದೀವಿ. ಕಾಲೇಜಿಗೆ ಬೇಕಾದ್ದಕ್ಕೆ ಬಳಸ್ಕೊಳ್ಳಿ. ಒಂದೇ ಷರತ್ತು. ಈಗಿರೋ ಯಾವುದನ್ನೂ ಬದಲಾಯಿಸಬಾರದು. ಒಂದು ಮೊಳೆಯನ್ನೂ ಮುಟ್ಟಬಾರದು. ಈ ಛಾವಣಿ, ಈ ಬಕೆಟ್, ಈ ಸದ್ದು ಹೀಗೇ ಇರಬೇಕು. ಇದನ್ನೆಲ್ಲಾ ಕಾಪಾಡಿದ ಮಹನೀಯರು ಈಗ ಎರಡು ಮಾತಾಡ್ತಾರೆ."

ಆಮೇಲಪ್ಪನವರ ಕಿವಿಯಲ್ಲಿ ಗುಂಯ್ ಎಂದಿತು. ಛಾವಣಿಗಾಗಿ ಹೇಳಿದ ಸುಳ್ಳು ಛಾವಣಿಯನ್ನೇ ನುಂಗಿ ಕೂತಿತ್ತು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಸುಮ್ಮನೆ ಕೈಮುಗಿದು ಕೂತರೆ ಕಾಲೇಜಿಗೆ ಹಣ, ಪ್ರಿನ್ಸಿಪಾಲರಿಗೆ ಕೀರ್ತಿ, ತಮಗೆ ಮರ್ಯಾದೆಯ ನಿವೃತ್ತಿ. ಬಾಯಿ ಬಿಟ್ಟರೆ ಎಲ್ಲವೂ ಹೋಯಿತು. ಅವರು ಎದ್ದು ನಿಂತರು. ಮೇಡಂ ಹಾಳೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು.

"ಸಾರ್, ನಾನು ಯಾವುದನ್ನೂ ಬೇಕಂತ ಇಡಲಿಲ್ಲ. ದುಡ್ಡಿರಲಿಲ್ಲ. ಅದಕ್ಕೇ ಹಾಗೇ ಇದೆ. ನಲ್ಲಿ ಕೂಡ ಮೊನ್ನೆ ರಿಪೇರಿಯಾಗಿಹೋಯ್ತು, ಗೋಡೆ ಹಿಂದೆ ಕೂತು ಹನಿ ಬಿಟ್ಟಿದ್ದು ನಮ್ಮ ಪ್ಲಂಬರು. ನೆಗಡಿ ಆಗಿದೆ ಅವನಿಗೆ, ಪಾಪ."

ಪ್ರಿನ್ಸಿಪಾಲರು ಹಲ್ಲು ಕಚ್ಚಿಕೊಂಡು ನಕ್ಕರು. "ತಮಾಷೆ ಸಾರ್. ಇವರು ತುಂಬಾ ತಮಾಷೆ ಮನುಷ್ಯರು."

"ಇದು ನೇರ ಮೋಸ," ಎಂದರು ನ್ಯಾಯಾಧೀಶರು, ಮೂವತ್ತೈದು ವರ್ಷ ಒಮ್ಮೆಲೇ ಮೈಮೇಲೆ ಬಂದವರಂತೆ.

ಸಾಹುಕಾರರ ಮುಖ ಕಪ್ಪಿಟ್ಟಿತು. "ಹೇಗಾದರೂ ಇರಲಿ, ಉಳಿದಿದೆಯಲ್ಲ! ನಾನು ಇದೇ ಛಾವಣಿ ಕೆಳಗೆ ಕೂತು ಓದಿದ ಪುಸ್ತಕ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಮುದ್ರಯಾನದ ಕಥೆ, ಹಸಿರು ರಟ್ಟು. ಅದನ್ನ ಓದಿ ನಾವಿಕ ಆಗ್ಬೇಕು ಅಂದ್ಕೊಂಡಿದ್ದೆ."

"ಅದು ಇದೆ," ಎಂದರು ಮೇಡಂ. ಅವತ್ತು ಅವರು ಆಡಿದ ಮೊದಲ ಮಾತದು. ಒಳಗೆ ಹೋಗಿ ತಂದು ಸಾಹುಕಾರರ ಕೈಗೆ ಕೊಟ್ಟರು.

ರಟ್ಟು ಹಸಿರೇ ಇತ್ತು, ಆದರೆ ಆ ಹಸಿರು ಪಾಚಿಯದು. ಸಾಹುಕಾರರು ತೆರೆಯಲು ನೋಡಿದರು. ತೆರೆಯಲಿಲ್ಲ. ನೀರು ಕುಡಿದು, ಒಣಗಿ, ಮತ್ತೆ ಕುಡಿದು ಪುಟಗಳೆಲ್ಲಾ ಅಂಟಿ ಒಂದು ಹಲಗೆಯಾಗಿತ್ತು. ಅವರು ಉಗುರು ತೂರಿಸಿ ಎಬ್ಬಿಸಲು ಹೋದಾಗ ಒಂದು ಮೂಲೆ ಪುಡಿಯಾಗಿ ಅವರದೇ ಫ್ಯಾಕ್ಟರಿಯ ಮಾಲಿನಂತೆ ಉದುರಿತು. ಹಿಂದಿನ ರಟ್ಟಿನ ಚೀಟಿಯಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದ ಅವರ ಸಹಿ, ಹುಡುಗನ ಅಕ್ಷರದಲ್ಲಿ, ಹಾಗೇ ಇತ್ತು.

"ಇಂಥವು ಎಷ್ಟಿವೆ?" ಎಂದು ಸಾಹುಕಾರರು ಕೇಳಿದರು.

"ಆ ಗೋಡೆಯ ಕಪಾಟು ಪೂರ್ತಿ," ಎಂದರು ಮೇಡಂ. "ನಾನು ಎಸೆಯೋಕೆ ಮನಸ್ಸು ಬರದೆ ಇಟ್ಟಿದ್ದೀನಿ."

ಡಾಕ್ಟರಮ್ಮ ಸದ್ದಿಲ್ಲದೆ ಹೋಗಿ ಮೇಡಂ ಕೈಯಲ್ಲಿದ್ದ ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡರು. ಆಮೇಲೆ ನಡೆದದ್ದು ಸಭೆಯೂ ಅಲ್ಲ, ಜಗಳವೂ ಅಲ್ಲ. ಷರತ್ತು ಹೋಯಿತು. ಮೊದಲು ಛಾವಣಿ ಎಂದು ಸಾಹುಕಾರರೇ ಹೇಳಿದರು. ಬೆಂಚಿಗೆ ಕಾಲು ಬೇಡ ಎಂದು ಡಾಕ್ಟರಮ್ಮ ಪಟ್ಟು ಹಿಡಿದು ಗೆದ್ದರು. ನಲ್ಲಿ ವಾರಕ್ಕೊಂದು ದಿನವಾದರೂ ಸೋರಲಿ ಎಂದು ಯಾರೋ ಸೂಚಿಸಿದಾಗ ಅಷ್ಟರಲ್ಲಿ ಲೈಬ್ರರಿ ಬಾಗಿಲಿಗೆ ಬಂದಿದ್ದ ಪ್ಲಂಬರು, "ನನ್ನಿಂದಾಗಲ್ಲ ಸ್ವಾಮಿ!" ಎಂದು ಕೂಗಿದ್ದು ಎಲ್ಲರಿಗೂ ಕೇಳಿಸಿತು.

ಆಮೇಲಪ್ಪನವರು ಮುಂದಿನ ಎರಡು ತಿಂಗಳು ಛಾವಣಿಯ ಮೇಲೇ ವಾಸವಾಗಿದ್ದರು ಎಂದರೂ ಸರಿಯೇ. ಪ್ರತಿ ಹೆಂಚನ್ನೂ ಕೈಯಾರೆ ಬಡಿದು ನೋಡಿ ಕೂರಿಸಿದರು. ಪ್ರಿನ್ಸಿಪಾಲರು ಅವರೊಡನೆ ಮಾತು ಬಿಟ್ಟಿದ್ದರಿಂದ ಕೆಲಸ ಬೇಗ ಮುಗಿಯಿತು.

ಅವರ ಕೆಲಸದ ಕೊನೆಯ ವಾರ, ಒಂದು ಮಧ್ಯಾಹ್ನ, ದೊಡ್ಡ ಮಳೆ ಬಂತು. ಆಮೇಲಪ್ಪನವರು ಕೊಡೆ ಮರೆತು ಲೈಬ್ರರಿಗೆ ಓಡಿದರು. ಮೇಡಂ ಆಗಲೇ ಎದ್ದು ನಿಂತಿದ್ದರು. ಇಬ್ಬರೂ ಕತ್ತೆತ್ತಿ ಮೇಲೆ ನೋಡುತ್ತಾ ನಿಂತರು. ಮಳೆ ಹೊರಗೆ ಸುರಿಯಿತು, ಹೊರಗೇ ಉಳಿಯಿತು. ಅಷ್ಟು ವರ್ಷ ಬೈದುಕೊಂಡ ಆ ಟಪ್ ಟಪ್ ಸದ್ದಿಲ್ಲದೆ ಕೋಣೆ ಯಾರದೋ ಮನೆಯಂತೆ ಅನ್ನಿಸಿ ಆಮೇಲಪ್ಪನವರಿಗೆ ಸ್ವಲ್ಪ ಬೇಜಾರೂ ಆಯಿತು. ಹಾಗೆಂದು ಹೇಳುವ ಧೈರ್ಯ ಮಾಡಲಿಲ್ಲ.

ಅವರು ತೊಯ್ದ ಅಂಗಿಯಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಗೆ ಸಾವಿರ ಸಲ ಬಂದಿದ್ದರು, ಕೂತದ್ದು ಇದೇ ಮೊದಲು.

"ಮೇಡಂ, ನನಗೂ ಒಂದು ಪುಸ್ತಕ ಕೊಡಿ."

"ಯಾವುದು ಕೊಡ್ಲಿ?"

ಆಮೇಲಪ್ಪನವರು ಯೋಚಿಸಿದರು. ಪುಸ್ತಕಗಳ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ ಭೇದ.

"ಒಣಗಿರೋದು ಯಾವುದಾದ್ರೂ ಕೊಡಿ."

ಮೇಡಂ ಕಪಾಟುಗಳ ಕಡೆಗೆ ಒಮ್ಮೆ ನೋಡಿದರು. ಕಣ್ಣು ಒರೆಸಿಕೊಂಡರು.

"ಎಲ್ಲಾ ಒಣಗಿವೆ," ಎಂದರು. "ನಿಮಗೆ ಬೇಕಾದ್ದು ನೀವೇ ತಗೊಳ್ಳಿ."